ಹಳೆ ಮಾರುತಿ 800ರ ಎಸಿ, ಹೀಟರ್ ರಿಪೇರಿ: ನನ್ನ ಅನುಭವ

ನನ್ನದು 1993ರ ಮಾರುತಿ 800 ಎಸಿ, ಅಪ್ಪ ಕೊಂಡ ಕಾರು. ಸರ್ಕಾರದ ಲೆಕ್ಕದಲ್ಲಿ 50 ವರ್ಷ ದಾಟಿದ ಗಾಡಿ ಮಾತ್ರ ವಿಂಟೇಜ್. ನಮ್ಮ ಮನೆ ಲೆಕ್ಕದಲ್ಲಿ ಇದು ಕ್ಲಾಸಿಕ್ ಆಗಿ ಎಷ್ಟೋ ಕಾಲವಾಯಿತು.

ಮೂರು ಬೇಸಿಗೆ ಒಂದೇ ಕಥೆ. ಏಪ್ರಿಲ್‌ನಲ್ಲಿ ಎಸಿ ತಣ್ಣಗಾಗಲ್ಲ. ಗ್ಯಾರೇಜಿಗೆ ಒಯ್ದರೆ "ಗ್ಯಾಸ್ ಹೋಗಿದೆ ಸಾರ್" ಅಂತ ತುಂಬಿಸಿ ಕಳಿಸುತ್ತಾರೆ. ದಸರಾ ಹೊತ್ತಿಗೆ ಮತ್ತೆ ಬಿಸಿ ಗಾಳಿ. ಗ್ಯಾಸ್ ಏನು ಪೆಟ್ರೋಲಾ, ಉರಿದು ಖಾಲಿಯಾಗೋಕೆ? ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರಬೇಕಾದ್ದು. ಹೋಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ನಾಲ್ಕನೇ ಬೇಸಿಗೆಗೆ ನಾನೇ ಸ್ಪ್ಯಾನರ್ ಹಿಡಿದೆ.

ತೂತು ಹುಡುಕೋಕೆ ಮೊದಲು ಕಣ್ಣು ಸಾಕು. ಗ್ಯಾಸ್ ಸೋರುವಾಗ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಆಯಿಲ್ ಕೂಡ ಸ್ವಲ್ಪ ಸ್ವಲ್ಪ ಹೊರಬರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ನ ಜಾಯಿಂಟಿನ ಸುತ್ತ ಹಳೆ ಬಾಣಲೆಯ ಅಂಚಿನ ಹಾಗೆ ಕಪ್ಪು ಜಿಡ್ಡು ಕೂತಿತ್ತು. ಪರಿಚಯದವರ ಅಂಗಡಿಯಲ್ಲಿ 150 ಪಿಎಸ್‌ಐ ಒತ್ತಡಕ್ಕೆ ನೈಟ್ರೋಜನ್ ಏರಿಸಿ ಸೋಪಿನ ನೀರು ಬಳಿದೆವು. ಹಾಲು ಉಕ್ಕುವ ಮುಂಚೆ ಪಾತ್ರೆ ಅಂಚಲ್ಲಿ ಏಳುತ್ತದಲ್ಲ, ಅಂಥ ಸಣ್ಣ ನೊರೆ ಎದ್ದಿತು. ಬಿಚ್ಚಿದರೆ ಒಳಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಬಳೆ ಚೂರಿನಷ್ಟು ಗಟ್ಟಿ. ಒತ್ತಿದರೆ ಪಟ್ ಅಂತ ಮುರಿಯಿತು.

ಈ ಕಾರಿಗೆ ಕಂಪನಿಯಿಂದ ಬಂದ ಗ್ಯಾಸ್ ಆರ್-12. ಓಝೋನ್ ಪದರಕ್ಕೆ ಹಾನಿ ಅಂತ ನಮ್ಮ ದೇಶದಲ್ಲಿ 2008ರಲ್ಲೇ ಅದರ ತಯಾರಿಕೆ ನಿಂತಿತು. ಅದರ ಬದಲಿಗೆ ಅಡುಗೆ ಗ್ಯಾಸ್ ಜಾತಿಯ ಮಿಶ್ರಣ ತುಂಬುವವರೂ ಇದ್ದಾರೆ. ಬೆಂಕಿ ಹತ್ತುವ ಗ್ಯಾಸನ್ನು ಮಕ್ಕಳು ಕೂರುವ ಕಾರಿಗೆ ನಾನಂತೂ ಹಾಕಲ್ಲ. ಹಾಗಾಗಿ ಆರ್-134ಎ ಹಾಕಲು ತೀರ್ಮಾನಿಸಿದೆ. ಇಲ್ಲಿ ಜಾಸ್ತಿ ಜನ ಎಡವುವುದು ಆಯಿಲ್ ವಿಷಯದಲ್ಲಿ. ಆರ್-12ರ ಜೊತೆ ಇದ್ದ ಮಿನರಲ್ ಆಯಿಲ್ ಆರ್-134ಎ ಜೊತೆ ಬೆರೆಯುವುದಿಲ್ಲ. ಆಯಿಲ್ ಎಲ್ಲೋ ಮೂಲೆಯಲ್ಲಿ ನಿಂತುಬಿಡುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ನಾನು ಕಂಪ್ರೆಸರ್ ಇಳಿಸಿ, ತಲೆಕೆಳಗೆ ಹಿಡಿದು, ಕ್ಲಚ್ ಪ್ಲೇಟನ್ನು ಕೈಯಲ್ಲೇ ತಿರುಗಿಸಿ ಬಸಿದೆ. ಸಿರಿಂಜಲ್ಲಿ ಅಳೆದರೆ 70 ಎಂಎಲ್. ಪೈಪುಗಳನ್ನು ಫ್ಲಶ್ ಮಾಡಿದ ಮೇಲೆ ಆರ್-134ಎ ಜೊತೆ ಬೆರೆಯುವ ಹೊಸ ಎಸ್ಟರ್ ಆಯಿಲ್ ಹಾಕಿದೆ. ಪೈಪಿನೊಳಗೆ ಉಳಿದಿದ್ದ ಹಳೆ ಆಯಿಲ್ ಲೆಕ್ಕಕ್ಕೆ ಸ್ವಲ್ಪ ಜಾಸ್ತಿಯೇ ಹಾಕಿದೆ. ತೇವ ಹೀರುವ ಡ್ರೈಯರ್ ಹೊಸದು, ಓ-ರಿಂಗ್ ಎಲ್ಲಾ ಆರ್-134ಎಗೆ ಒಗ್ಗುವ ಹಸಿರು ಬಣ್ಣದ್ದು. ರಬ್ಬರ್ ಹೋಸುಗಳನ್ನು ಜೆ.ಸಿ. ರಸ್ತೆಯಲ್ಲಿ ಒಳಪದರ ಇರುವ ಹೊಸ ಹೋಸಿಗೆ ಬದಲಿಸಿದೆ, ಯಾಕೆಂದರೆ ಆರ್-134ಎ ಹಳೆ ರಬ್ಬರಿನ ಮೂಲಕವೇ ನುಸುಳಿ ಹೋಗುತ್ತದೆ.

ಪೈಪಿನೊಳಗಿನ ಗಾಳಿ, ತೇವ ಹೋಗಲು ಪಂಪಿನಿಂದ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಪಂಪ್ ಬಂದ್ ಮಾಡಿ, ಟೀ ಕುಡಿದು ಬಂದೆ. ಗೇಜಿನ ಮುಳ್ಳು ಅಲುಗಿರಲಿಲ್ಲ, ಅಂದರೆ ಸೋರಿಕೆ ಇಲ್ಲ. ಹಳೆ ಗ್ಯಾಸಿನ ತೂಕಕ್ಕಿಂತ ಸ್ವಲ್ಪ ಕಮ್ಮಿ, ಸುಮಾರು 85 ಪರ್ಸೆಂಟ್ ತುಂಬಿದೆ. ಹಿಂದಿನಷ್ಟೇ ತುಂಬಿದರೆ ಹೈ ಪ್ರೆಷರ್ ಏರಿಬಿಡುತ್ತದೆ.

ಸ್ಟಾರ್ಟ್ ಮಾಡಿದೆ. ಗೇಜ್ ಸರಿ ಇದೆ. ತಣ್ಣನೆ ಪೈಪು ಮಜ್ಜಿಗೆ ತಂಬಿಗೆ ಹಾಗೆ ಬೆವರುತ್ತಿದೆ. ಒಳಗೆ ಗಾಳಿ ಮಾತ್ರ 17 ಡಿಗ್ರಿ! ಎರಡು ದಿನ ತಲೆ ಕೆರೆದುಕೊಂಡೆ. ಗ್ಯಾಸಿನ ಹರಿವನ್ನು ಹಿಡಿದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಬದಲಿಸೋಣ ಅಂತ ಹೊರಟವನು ಸುಮ್ನೆ ಒಮ್ಮೆ ಬಾನೆಟ್ ಎತ್ತಿ ಹೀಟರ್‌ಗೆ ಹೋಗುವ ಎರಡು ಹೋಸುಗಳನ್ನು ಮುಟ್ಟಿ ನೋಡಿದೆ. ಲಿವರ್ ನೀಲಿ ಕಡೆಯೇ ಇತ್ತು, ಅಂದರೆ ಹೀಟರ್ ಬಂದ್ ಇರಬೇಕು. ಎರಡೂ ಹೋಸು ಕೈ ಸುಡುವಷ್ಟು ಬಿಸಿ.

ಈ ಕಾರಿನಲ್ಲಿ ಎಸಿಯಿಂದ ಬಂದ ತಣ್ಣನೆ ಗಾಳಿ ಹೀಟರ್ ಹಾದೇ ಒಳಗೆ ಬರುತ್ತದೆ. ಹೀಟರ್‌ನ ನೀರಿನ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಎಂಜಿನ್ನಿನ ಬಿಸಿ ನೀರು ಒಳಗೆ ಹರಿಯುತ್ತಲೇ ಇರುತ್ತದೆ. ಒಂದು ಕೈ ತಣ್ಣಗೆ ಮಾಡುತ್ತದೆ, ಇನ್ನೊಂದು ಕೈ ಬಿಸಿ ಮಾಡುತ್ತದೆ. ಹೋಸಿಗೆ ಬಟ್ಟೆ ಸುತ್ತಿ ಕ್ಲಾಂಪಿನಿಂದ ಮೆತ್ತಗೆ ಒತ್ತಿ ಹಿಡಿದೆ. ಐದು ನಿಮಿಷದಲ್ಲಿ 17 ಇದ್ದದ್ದು 9ಕ್ಕೆ ಬಂತು. ಮೂರು ಬೇಸಿಗೆ ಗ್ಯಾಸ್ ತುಂಬಿದವರಲ್ಲಿ ಒಬ್ಬರೂ ಈ ಹೋಸು ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ ಬಿಡಿ.

"ಬೆಂಗಳೂರಲ್ಲಿ ಹೀಟರ್ ಯಾಕೆ ಸಾರ್, ಬೈಪಾಸ್ ಮಾಡಿ" ಅನ್ನೋದು ಸುಲಭದ ಸಲಹೆ. ಎರಡು ಹೋಸು ಸೇರಿಸಿಬಿಟ್ಟರೆ ಮುಗೀತು. ಆದರೆ ಹೆಂಡತಿಯ ತವರು ಸುಳ್ಯ. ಮಳೆಗಾಲದಲ್ಲಿ ಮಡಿಕೇರಿ ದಾಟಿ ಹೋಗಬೇಕು, ಹೀಟರ್ ಇಲ್ಲದೆ ಆಗಲ್ಲ.

ವಾಲ್ವ್ ಬಿಚ್ಚಿದೆ. ಒಳಗೆ ಗೀಸರ್ ಕಾಯಿಲ್ ಮೇಲೆ ಕೂರುವಂಥದ್ದೇ ಬಿಳಿ ಗಾರೆ. ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದದ್ದರ ಫಲ, ಅದು ನಮ್ಮದೇ ತಪ್ಪು. ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ವಾಲ್ವ್ ಸಿಕ್ಕಿತು. ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ಕೇಬಲ್ ಕ್ಲಿಪ್ಪನ್ನು ನಾಲ್ಕು ಮಿಲಿಮೀಟರ್ ಸರಿಸಿದ ಮೇಲೆ ಪೂರ್ತಿ ಮುಚ್ಚಿತು. ಹೀಟರ್ ಕೋರಿಗೆ (ಬಿಸಿ ನೀರು ಹರಿಯುವ ಪುಟ್ಟ ರೇಡಿಯೇಟರ್) ಉಲ್ಟಾ ಕಡೆಯಿಂದ ಗಾರ್ಡನ್ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಟ್ಟೆ. ಮೊದಲ ಬಕೆಟ್ ಥೇಟ್ ಕಾಫಿ ಡಿಕಾಕ್ಷನ್. ಕೂಲೆಂಟ್ ತುಂಬುವಾಗ ಮೂತಿ ಮೇಲಾಗುವಂತೆ ಇಳಿಜಾರಲ್ಲಿ ನಿಲ್ಲಿಸಿ, ಹೀಟರ್ ತೆರೆದಿಡಿ. ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಜುಲೈನಲ್ಲಿ ಸುಳ್ಯದಿಂದ ವಾಪಸ್ ಬರುವಾಗ ಸಂಪಾಜೆ ದಾಟುತ್ತಿದ್ದಂತೆ ಮಂಜು ಇಳಿಯಿತು, ಗಾಜು ಪೂರ್ತಿ ಮಬ್ಬು. ಎಸಿ ಹಾಕಿ, ಹೀಟರ್ ಲಿವರನ್ನು ಅರ್ಧ ಕೆಂಪಿಗೆ ತಳ್ಳಿದೆ. ಎಸಿ ಗಾಳಿಯ ತೇವ ಹಿಂಡಿತು, ಹೀಟರ್ ಅದನ್ನೇ ಬೆಚ್ಚಗೆ ಮಾಡಿ ಗಾಜಿಗೆ ಊದಿತು. ಕೆಳಗಿನಿಂದ ಅಂಗೈಯಗಲ ತಿಳಿಯಾಗಿ, ಆಮೇಲೆ ಪೂರ್ತಿ ಬಿಡಿಸಿತು. 796 ಸಿಸಿ ಎಂಜಿನ್ನು ಎಸಿ ಹೊತ್ತು ಏರು ಹತ್ತಬೇಕು, ಸೆಕೆಂಡ್ ಗೇರಲ್ಲಿ ಏದುಸಿರು. ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ.

ಬ್ಲೋವರ್‌ನ ಎರಡನೇ ಸ್ಪೀಡ್ ಇನ್ನೂ ಓಡುತ್ತಿಲ್ಲ. ಸ್ಪೀಡ್ ಇಳಿಸುವ ರೆಸಿಸ್ಟರ್ ಸುಟ್ಟಿದೆ, ಗುಜರಿಯಲ್ಲಿ ಹುಡುಕುತ್ತಿದ್ದೇನೆ.