ಕೆಲಸ ಬಿಡದೆ ಪತ್ರಿಕೋದ್ಯಮ ಪದವಿ: ದೂರಶಿಕ್ಷಣದಲ್ಲಿ ಓದುವುದು ಹೇಗೆ?

ತಾಲ್ಲೂಕು ಕೇಂದ್ರಗಳಲ್ಲಿ ಅರೆಕಾಲಿಕ ವರದಿಗಾರರಾಗಿ ದುಡಿಯುತ್ತಿರುವ ಅನೇಕರಿಗೆ ಸುದ್ದಿ ಬರೆಯುವುದು ಗೊತ್ತು, ಆದರೆ ಕೈಯಲ್ಲಿ ಪತ್ರಿಕೋದ್ಯಮದ ಪದವಿ ಇರುವುದಿಲ್ಲ. ಕಾಲೇಜಿಗೆ ಹೋಗಿ ಕೂರಲು ಸಂಸಾರ, ಸಂಬಳ ಎರಡೂ ಬಿಡುವುದಿಲ್ಲ. ಇಂಥವರಿಗೆ ದೂರಶಿಕ್ಷಣ ಸರಿಯಾದ ದಾರಿಯೇ. ಆದರೆ ಶುಲ್ಕ ಕಟ್ಟುವ ಮೊದಲು ಮಾಡಬೇಕಾದ ಕೆಲಸವೇ ಇಲ್ಲಿ ಹೆಚ್ಚು.

ಮೊದಲು ಯಾವ ಕೋರ್ಸ್ ಬೇಕೆಂದು ತೀರ್ಮಾನಿಸಿ. ಪಿಯುಸಿ ಮುಗಿಸಿದವರು ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಓದುವ ಬಿ.ಎ.ಗೆ ಸೇರಬಹುದು. ಈಗಾಗಲೇ ಯಾವುದಾದರೂ ಪದವಿ ಇರುವವರು ಮತ್ತೊಂದು ಬಿ.ಎ. ಮಾಡಿ ವರ್ಷಗಳನ್ನು ಕಳೆಯುವುದಕ್ಕಿಂತ ಸ್ನಾತಕೋತ್ತರ ಡಿಪ್ಲೊಮಾ ಅಥವಾ ಎಂ.ಎ. ಆರಿಸಿಕೊಳ್ಳುವುದು ಮೇಲು. ಉಪನ್ಯಾಸಕರಾಗುವ ಆಸೆಯಿದ್ದರೆ ಡಿಪ್ಲೊಮಾ ಸಾಲದು. ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55ರಷ್ಟು ಅಂಕ ಬೇಕು ಎಂಬುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮವರಿಗೆ ಹತ್ತಿರದ ಆಯ್ಕೆಗಳು ಎರಡು. ಒಂದು, 1996ರಲ್ಲಿ ಆರಂಭವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಇನ್ನೊಂದು, 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ; ಬೆಂಗಳೂರು ಮತ್ತು ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ಕನ್ನಡದಲ್ಲೇ ಉತ್ತರ ಬರೆಯಬೇಕೆನ್ನುವವರು ಆಯಾ ವರ್ಷದ ವಿವರಣಾ ಪುಸ್ತಕದಲ್ಲಿ ಭಾಷಾ ಮಾಧ್ಯಮದ ಸಾಲನ್ನು ತಪ್ಪದೆ ನೋಡಬೇಕು; ಇಗ್ನೋದ ಪತ್ರಿಕೋದ್ಯಮ ಪಾಠಗಳು ಇಂಗ್ಲಿಷ್ ಮತ್ತು ಹಿಂದಿಯವು.

ಎರಡನೆಯದು ಮಾನ್ಯತೆಯ ಪರಿಶೀಲನೆ. ಇದನ್ನು ಹಗುರವಾಗಿ ಕಾಣಬಾರದು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2012–13ರ ನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಮಾನ್ಯತೆ ಮುಂದುವರಿಯದೆ, 2018–19ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದ ವಿದ್ಯಾರ್ಥಿಗಳು ಪಟ್ಟ ಪಾಡನ್ನು ರಾಜ್ಯ ಮರೆತಿಲ್ಲ. ಆದ್ದರಿಂದ ಯುಜಿಸಿಯ ದೂರಶಿಕ್ಷಣ ಬ್ಯೂರೊ (ಡಿಇಬಿ) ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ನೀವು ಸೇರುವ ಕೋರ್ಸಿನ ಹೆಸರೂ, ಸೇರುವ ವರ್ಷವೂ ಇದೆಯೇ ಎಂದು ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಹೀಗೆ ಮಾನ್ಯತೆ ಪಡೆದ ದೂರಶಿಕ್ಷಣ ಪದವಿಯು ಕಾಲೇಜಿನಲ್ಲಿ ಓದಿದ ಪದವಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಬೀದಿ ಬದಿಯ ಟ್ಯುಟೋರಿಯಲ್‌ಗಳು ‘ನಮ್ಮಲ್ಲೇ ಸೀಟು’ ಎಂದರೆ ನಂಬಬೇಡಿ. ಅಧ್ಯಯನ ಕೇಂದ್ರಗಳನ್ನು ಫ್ರಾಂಚೈಸಿಗೆ ಕೊಡುವುದನ್ನು ನಿಯಮ ಒಪ್ಪುವುದಿಲ್ಲ.

ಅರ್ಜಿಗೆ ಮುನ್ನ ಎರಡು ಸಂಖ್ಯೆಗಳು ಬೇಕು. ಡಿಜಿಲಾಕರ್ ಮೂಲಕ, ಓದಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕವಿಡುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ (ಎಬಿಸಿ) ಖಾತೆ ತೆರೆದರೆ ಹನ್ನೆರಡು ಅಂಕಿಗಳ ಎಬಿಸಿ ಸಂಖ್ಯೆ ದೊರೆಯುತ್ತದೆ. ಅದನ್ನು ಕೊಟ್ಟು ದೂರಶಿಕ್ಷಣ ಬ್ಯೂರೊ ಪೋರ್ಟಲ್‌ನಲ್ಲಿ ಡಿಇಬಿ ಸಂಖ್ಯೆ ಪಡೆಯಬೇಕು. 2024–25ರಿಂದ ಇದಿಲ್ಲದೆ ಪ್ರವೇಶವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಹೆಸರಿರುವವರು ಅದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಕ್ಷೇಮ. ಇನಿಷಿಯಲ್ ಎಲ್ಲಿ ಬರೆಯಬೇಕೆಂಬ ನಮ್ಮ ಹಳೆಯ ಗೊಂದಲ ಇಲ್ಲಿಯೂ ಕಾಡುತ್ತದೆ.

ಕ್ರೆಡಿಟ್ ಎಂದರೆ ಓದಿನ ಹೊರೆಯ ಅಳತೆ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಒಂದು ಭಾಗವನ್ನು ಬೇರೆಡೆ ಓದಿ, ಪರೀಕ್ಷೆ ಬರೆದು ಗಳಿಸಲು ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಅವಕಾಶವಿದೆ. ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ 40ರವರೆಗೆ ಹೀಗೆ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ‘ಕೊಡಬಹುದು’ ಎಂಬ ಮಾತನ್ನು ಗಮನಿಸಿ: ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಯಾವ ವಿಷಯಕ್ಕೆ ಬದಲಾಗಿ ಒಪ್ಪುತ್ತದೆ ಎಂಬುದನ್ನು ನೋಂದಣಿಗೆ ಮೊದಲೇ ವಿಭಾಗದಿಂದ ಬರಹದಲ್ಲಿ ಪಡೆಯಬೇಕು. ಪರೀಕ್ಷೆ ಪಾಸಾದ ಮೇಲೆ ಕೇಳಿದರೆ ಪ್ರಮಾಣಪತ್ರ ಉಳಿದೀತು, ಕ್ರೆಡಿಟ್ ದಕ್ಕಲಿಕ್ಕಿಲ್ಲ.

ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಬಹುತೇಕ ವಿಷಯಗಳಲ್ಲಿ ಶೇ 30 ಅಂಕ ಮನೆಯಲ್ಲೇ ಬರೆದು ಸಲ್ಲಿಸುವ ಅಸೈನ್‌ಮೆಂಟಿಗೆ, ಶೇ 70 ಪರೀಕ್ಷೆಗೆ. ನಪಾಸಾಗುವುದಕ್ಕಿಂತ ಅಸೈನ್‌ಮೆಂಟ್ ಕೊಡದೆ ಫಲಿತಾಂಶ ತಡೆಹಿಡಿಸಿಕೊಳ್ಳುವ ಭಯ ಕೆಲಸದಲ್ಲಿರುವವರಿಗೆ ಹೆಚ್ಚು. ಅದನ್ನು ಸಲ್ಲಿಸಿದ ರಸೀದಿಯನ್ನು ಅಂಕಪಟ್ಟಿ ಕೈಗೆ ಬರುವವರೆಗೂ ಜೋಪಾನ ಮಾಡಿ.

ದೂರಶಿಕ್ಷಣ ಕೊಡಲಾರದ ಸಂಗತಿಯೊಂದಿದೆ: ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು ನಿಮ್ಮ ಕಾಪಿಯ ಮೇಲೆ ಎಳೆಯುವ ಗೆರೆ. ಅದನ್ನು ನೀವೇ ಏರ್ಪಾಡು ಮಾಡಿಕೊಳ್ಳಬೇಕು. ತಿಂಗಳಿಗೊಂದು ಗ್ರಾಮಸಭೆಗೋ ಪುರಸಭೆಯ ಸಭೆಗೋ ಹೋಗಿ, ಅದೇ ಸಂಜೆ 250 ಪದಗಳ ವರದಿ ಬರೆಯಿರಿ. ‘ಅಧ್ಯಕ್ಷತೆ ವಹಿಸಿದ್ದರು’ ಎಂದು ಆರಂಭವಾಗಿ ವೇದಿಕೆಯಲ್ಲಿದ್ದವರ ಹೆಸರುಗಳೊಂದಿಗೆ ಮುಗಿಯುವ ವರದಿಯನ್ನು ಬದಿಗಿಟ್ಟು, ನೀರಿನ ಟ್ಯಾಂಕಿನ ದುರಸ್ತಿಗೆ ಮಂಜೂರಾದ ಹಣ ಏನಾಯಿತೆಂದು ಎದ್ದುನಿಂತು ಕೇಳಿದ ಮಹಿಳೆಯ ಪ್ರಶ್ನೆಯನ್ನು ಮೊದಲ ಪ್ಯಾರಾಕ್ಕೆ ತನ್ನಿ. ಪಿಡಿಒ ಕೊಟ್ಟ ಉತ್ತರ ಎರಡನೆಯದಕ್ಕೆ. ಮರುದಿನ ಜಿಲ್ಲಾ ಪತ್ರಿಕೆಗಳಲ್ಲಿ ಅದೇ ಸಭೆಯ ಸುದ್ದಿ ಬಂದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಹಿರಿಯ ವರದಿಗಾರರೊಬ್ಬರು ತಿದ್ದಿಕೊಡಲು ಒಪ್ಪಿದರೆ ಅದಕ್ಕಿಂತ ದೊಡ್ಡ ಸಂಪರ್ಕ ತರಗತಿ ಬೇರಿಲ್ಲ.

ಪ್ರಕಟವಾದ ಬರಹಗಳನ್ನು ದಿನಾಂಕ, ಪತ್ರಿಕೆಯ ಹೆಸರು ಮತ್ತು ಪುಟಸಂಖ್ಯೆ ಕಾಣುವಂತೆ ಸ್ಕ್ಯಾನ್ ಮಾಡಿ ಒಂದೇ ಕಡತದಲ್ಲಿ ಸೇರಿಸುತ್ತ ಹೋಗಿ. ಸಂದರ್ಶನಕ್ಕೆ ಕರೆದ ಸಂಪಾದಕರು ಅಂಕಪಟ್ಟಿಯ ಜೊತೆಗೆ ಅದನ್ನೂ ಕೇಳುತ್ತಾರೆ.