ಜಾಜಿನ ಕಡ್ಡಿ, ದುರ್ಗದ ಬಂಡೆ

ಜಾಜಿನಿಂದ, ಅಂದರೆ ಕೆಮ್ಮಣ್ಣಿನಿಂದ, ಸಾಫ್ಟ್ ಪೇಸ್ಟಲ್ ಕಡ್ಡಿ (ಚಿತ್ರ ಬಿಡಿಸುವ, ಬಳಪದಂಥ ಮೆತ್ತನೆಯ ಬಣ್ಣದ ಕಡ್ಡಿ) ಮಾಡುತ್ತೇನೆ ಅಂದಾಗ ದಾವಣಗೆರೆಯ ಗೆಳೆಯರು ನಕ್ಕಿದ್ದರು. ‘ಗೋಡೆಗೆ ಬಳಿಯೋ ಮಣ್ಣು ಕಣೋ ಅದು’ ಅಂದರು. ಈ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಅದೇ ಕಡ್ಡಿಯ ಐದು ಚಿತ್ರ ಒಯ್ದಿದ್ದೆ. ಸಂಜೆಯೊಳಗೆ ನಾಲ್ಕು ಖರ್ಚಾದವು.

ಚಿತ್ರದುರ್ಗದ ಕೋಟೆ ಬಂಡೆಗೆ ಎಳೆಬಿಸಿಲು ಬಿದ್ದಾಗ ಒಂದು ಬಣ್ಣ ಬರುತ್ತದೆ. ಕೆಂಪೂ ಅಲ್ಲ, ಬೂದಿಯೂ ಅಲ್ಲ. ಮುಕ್ಕಾಲು ಗಂಟೆ ಇದ್ದರೆ ಹೆಚ್ಚು. ಎಂಟು ಸಾವಿರ ಚಿಲ್ಲರೆ ಕೊಟ್ಟು ತರಿಸಿದ ವಿದೇಶಿ ಪೇಸ್ಟಲ್ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಮೂರು ಕಡ್ಡಿ ಮೇಲೆ ಮೇಲೆ ಉಜ್ಜಿದರೆ ಕೆಸರಾಗುತ್ತಿತ್ತು. ಬಣ್ಣ ಹುಡುಕುತ್ತಾ ಕೂತರೆ ಬಿಸಿಲು ಏರಿಬಿಡುತ್ತದೆ, ಕೈಯ ಓಟವೂ ನಿಲ್ಲುತ್ತದೆ.

ಗ್ರಂಧಿಗೆ ಅಂಗಡಿಯ ಗೋಂದು ನೆನೆಸಿ, ಚಾಕ್ ಪುಡಿ, ಜಾಜು ಕಲಸಿ ಮೊದಲ ಸಲ ಕಡ್ಡಿ ಹೊಸೆದೆ. ಕಲ್ಲಾದವು. ಪೇಪರ್ ಗೀರಿತೇ ಹೊರತು ಬಣ್ಣ ಬಿಡಲಿಲ್ಲ. ಗೋಂದು ಇಳಿಸಿದೆ, ಕೈಯಲ್ಲೇ ಪುಡಿಯಾದವು. ಅರವತ್ತು ಎಪ್ಪತ್ತು ಕಡ್ಡಿ ಹೀಗೇ ಹೋದವು. ಆಮೇಲೆ ಹೊಳೆಯಿತು: ಜಾಜಿನಲ್ಲಿ ಜೇಡಿ ಇದೆ, ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಗೋಂದು ಬೇಕಾಗಿದ್ದು ಚಾಕಿಗೆ ಮಾತ್ರ. ಈಗ ಎರಡನ್ನೂ ಬೇರೆ ಬೇರೆ ಕಲಸಿ ಕೊನೆಗೆ ಸೇರಿಸುತ್ತೇನೆ. ನೆರಳಲ್ಲಿ ನಾಲ್ಕು ದಿನ ಒಣಗಿಸುತ್ತೇನೆ. ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ. ಬಂಡೆಯ ನೆರಳಿನ ನೀಲಿಗೆ ಏನು ಹಾಕುತ್ತೇನೆ ಅನ್ನುವುದೂ ಅಷ್ಟೇ.

ನಡುವೆ ರಂಗೋಲಿ ಬಣ್ಣದಲ್ಲೂ ಮಾಡಿ ನೋಡಿದೆ. ಎಷ್ಟು ಚೆಂದ ಬಂದಿತ್ತು ಅಂತೀರಿ! ಕಿಟಕಿ ಪಕ್ಕ ಎರಡು ತಿಂಗಳು ಇಟ್ಟೆ, ಗುಲಾಬಿ ಬಿಳಿಚಿಕೊಂಡಿತು. ಮಾರುವ ಚಿತ್ರಕ್ಕೆ ಅದು ಬೇಡವೇ ಬೇಡ.

ಪೇಪರ್ ಕಥೆಯೂ ದುಡ್ಡಿನದೇ. ಮರಳು ಮೈಯ ವಿದೇಶಿ ಹಾಳೆ ಒಂದಕ್ಕೆ ಆರೇಳುನೂರು. ನಾನು ಮೌಂಟ್ ಬೋರ್ಡ್ ಅನ್ನೋ ದಪ್ಪ ರಟ್ಟಿಗೆ ಜೆಸ್ಸೋ (ಚಿತ್ರಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಜೊತೆ ಮಾರ್ಬಲ್ ಪುಡಿ ಕಲಸಿ ಎರಡು ಕೋಟ್ ಹೊಡೆಯುತ್ತೇನೆ, ಒಂದು ಅಡ್ಡ, ಒಂದು ಉದ್ದ. ಬೆನ್ನಿಗೂ ಒಂದು ಕೋಟ್ ಬೇಕು, ಇಲ್ಲದಿದ್ದರೆ ಬೋರ್ಡ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಎಲ್ಲಾ ಸೇರಿ ಎಂಬತ್ತು ರೂಪಾಯಿ ಒಳಗೆ ಆಗುತ್ತದೆ. ಕಡ್ಡಿಯ ಐದಾರು ಪದರ ಆರಾಮಾಗಿ ಹಿಡಿಯುತ್ತದೆ.

ಪುಡಿ ಉದುರದಂತೆ ಚಿತ್ರದ ಮೇಲೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಬಿಟ್ಟೇಬಿಟ್ಟೆ. ಒಂದು ಸಲ ಜಾಸ್ತಿ ಹೊಡೆದು ಆಕಾಶದ ಬೆಳಕೆಲ್ಲಾ ಕಂದಿಹೋಯಿತು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಫ್ರೇಮಿನಿಂದ ಬಿತ್ತು. ಒಬ್ಬರು ಗಾಜನ್ನು ಚಿತ್ರಕ್ಕೇ ಒತ್ತಿ ಕಟ್ಟಿಕೊಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ಚಿತ್ರಕ್ಕೆ ಬೂಷ್ಟು. ಹದಿನೈದು ಸಾವಿರದ ಮಾಲು ಹೋಯಿತು, ಎರಡು ತಿಂಗಳು ಕಡ್ಡಿ ಮುಟ್ಟಲಿಲ್ಲ. ಈಗ ಗಾಜಿಗೂ ಚಿತ್ರಕ್ಕೂ ನಡುವೆ ಸಣ್ಣ ಪಟ್ಟಿ ಕೊಡಿಸಿ, ಎದುರಿಗೇ ನಿಂತು ಕಟ್ಟಿಸುತ್ತೇನೆ.

ಕೋಟೆಗೆ ಒಯ್ಯುವುದು ಹದಿನಾಲ್ಕೇ ಕಡ್ಡಿ. ಗಾಢದಿಂದ ತಿಳಿಗೆ ಸಾಲಾಗಿ ಜೋಡಿಸಿರುತ್ತೇನೆ. ಕಣ್ಣು ಬಂಡೆ ಮೇಲಿದ್ದರೂ ಕೈ ತಾನೇ ಹೋಗುತ್ತದೆ. ಹೋದ ಭಾನುವಾರ ಏಕನಾಥೇಶ್ವರಿ ಗುಡಿ ಕಡೆಯ ಬಂಡೆ ಹಿಡಿದೆ. ಮೂವತ್ತೈದು ನಿಮಿಷಕ್ಕೆ ಮುಗಿಯಿತು, ಬಿಸಿಲು ಇನ್ನೂ ಹಾಗೇ ಇತ್ತು.