ನಾಗರ ಪಂಚಮಿಯಂದು ಒಡಹುಟ್ಟಿದವರ ಬೆನ್ನು ತೊಳೆಯುವ ಕ್ರಮ

ರಕ್ಷಾಬಂಧನಕ್ಕೆ ಹತ್ತು ದಿನ ಮೊದಲು, ಶ್ರಾವಣ ಶುದ್ಧ ಪಂಚಮಿಯಂದು ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಬೆನ್ನು ತೊಳೆಯುತ್ತಾರೆ.

ಅಂದು ಒಲೆಯ ಮೇಲೆ ಬಾಣಲೆ ಇಡುವುದಿಲ್ಲವಾದ್ದರಿಂದ ನೈವೇದ್ಯದ ಚಿಗಳಿಗೆ ಹಿಂದಿನ ದಿನವೇ ಎಳ್ಳನ್ನು ತೊಳೆದು, ನೆರಳಿನಲ್ಲಿ ಆರಿಸಿಡಬೇಕು. ಒಂದು ಬಟ್ಟಲು ಎಳ್ಳಿಗೆ ಮುಕ್ಕಾಲು ಬಟ್ಟಲು ಪುಡಿಬೆಲ್ಲ, ಸ್ವಲ್ಪ ಏಲಕ್ಕಿ ಸೇರಿಸಿ ಕುಟ್ಟಿದರೆ, ಎಳ್ಳು ಎಣ್ಣೆ ಬಿಟ್ಟು ಬೆರಳಿಗೆ ಜಿಡ್ಡು ಹತ್ತುವ ಹೊತ್ತಿಗೆ ಉಂಡೆ ತಾನಾಗಿ ನಿಲ್ಲುತ್ತದೆ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ.

ಬೆಳಿಗ್ಗೆ ಮಿಂದು, ನಾಗರಕಲ್ಲಿಗೆ ಹಾಲೆರೆದು, ಚಿಗಳಿ ಮತ್ತು ತಂಬಿಟ್ಟನ್ನು ನೈವೇದ್ಯ ಮಾಡಿ, ಉಳಿದ ಹಾಲನ್ನು ಬಟ್ಟಲಲ್ಲಿ ಮನೆಗೆ ತನ್ನಿ. ಹಾಲು ಕಲ್ಲಿಗೇ ಸಲ್ಲಲಿ. ಜೀವಂತ ಹಾವಿಗೆ ಅದು ಆಹಾರವಲ್ಲ, ಹಾವಾಡಿಗರ ಬುಟ್ಟಿಯ ಮುಂದೆ ಹಾಲು ಹಿಡಿಯುವುದು ಆ ಜೀವಕ್ಕೆ ಹಿಂಸೆಯೇ.

ಅಣ್ಣನನ್ನೋ ತಮ್ಮನನ್ನೋ ಮಣೆಯ ಮೇಲೆ ಕೂರಿಸಿ, ಅಂಗಿ ತೆಗೆಸಿ, ಹೂವನ್ನು ಹಾಲಿನಲ್ಲಿ ಅದ್ದಿ ಬೆನ್ನಿಗೆ ಮೂರು ಸಲ ಸವರಬೇಕು. ಕೇದಗೆ ಸಿಕ್ಕರೆ ಶ್ರೇಷ್ಠ, ಆದರೆ ಅದರ ಎಸಳಿನ ಅಂಚಿನಲ್ಲಿ ಸಣ್ಣ ಮುಳ್ಳುಗಳಿರುವುದರಿಂದ ಮೊದಲು ಅವನ್ನು ಸವರಿ ತೆಗೆಯಿರಿ. ಇಲ್ಲವಾದರೆ ಸೇವಂತಿಗೆಯೂ ಆದೀತು. “ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ” ಎಂದು ಹರಸುತ್ತ ಸವರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿಬಿಡಿ, ಒಣಗಿದ ಹಾಲಿಗೆ ಇರುವೆ ಬರುತ್ತದೆ. ಬಳಿಕ ಕುಂಕುಮವಿಟ್ಟು ಚಿಗಳಿ ತಿನ್ನಿಸಬೇಕು. ಕಿರಿಯರು ಹಿರಿಯರಿಗೆ ನಮಸ್ಕರಿಸುತ್ತಾರೆ, ಸೋದರನು ಎಲೆ ಅಡಿಕೆಯೊಂದಿಗೆ ತನ್ನ ಶಕ್ತ್ಯನುಸಾರ ಉಡುಗೊರೆ ಕೊಡುತ್ತಾನೆ.